ಮತದ ಪಟ್ಟಿ ಓದಿದ ಗವರ್ನರ್

ಪ್ರಶ್ನೆ: ಕಾಗೋಡು ರೈತ ಹೋರಾಟದ ಕುರಿತು ನಮ್ಮೂರಿನಲ್ಲಿ ಮಾತು ನಡೆದಾಗ ಹಿರಿಯರೊಬ್ಬರು ಅಮೆರಿಕದ ರಾಬರ್ಟ್ ಲಾ ಫಾಲೆಟ್ ಅವರ ಹೆಸರೆತ್ತಿದರು. ರಾಜ್ಯಮಟ್ಟದಲ್ಲಿ ಅವರ ಸಾಧನೆಯೇನು?
– ಓದುಗರೊಬ್ಬರು, ಸಾಗರ

ಉತ್ತರ: 1855ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಪ್ರಿಮ್‌ರೋಸ್‌ನಲ್ಲಿ ಹುಟ್ಟಿದ ಲಾ ಫಾಲೆಟ್ ವಕೀಲರು, 1885ರಿಂದ 1891ರವರೆಗೆ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿದ್ದರು. ಆಗ ಅಲ್ಲಿನ ರಿಪಬ್ಲಿಕನ್ ಪಕ್ಷ ರೈಲ್ವೆ ಕಂಪನಿಗಳ ಮತ್ತು ನಾಟಾ ವ್ಯಾಪಾರಿಗಳ ಹಿಡಿತದಲ್ಲಿತ್ತು. ಅಭ್ಯರ್ಥಿಗಳನ್ನು ಪಕ್ಷದ ಸಮಾವೇಶವೇ ಆರಿಸುತ್ತಿದ್ದುದರಿಂದ 1896 ಮತ್ತು 1898ರಲ್ಲಿ ಗವರ್ನರ್ (ಅಲ್ಲಿ ಜನರೇ ಆರಿಸುವ ರಾಜ್ಯದ ಮುಖ್ಯಸ್ಥ) ಹುದ್ದೆಯ ಉಮೇದುವಾರಿಕೆ ಅವರ ಕೈತಪ್ಪಿತು. ಛಲ ಬಿಡದೆ 1900ರಲ್ಲಿ ಗೆದ್ದರು.

ನನಗೆ ಬಹಳ ಮೆಚ್ಚುಗೆಯಾದದ್ದು ಅವರ ಪ್ರಚಾರದ ಒಂದು ಕ್ರಮ. ಸುಧಾರಣೆಗೆ ಅಡ್ಡನಿಂತ ಶಾಸಕರ ಸ್ವಂತ ಕ್ಷೇತ್ರಕ್ಕೇ ಹೋಗಿ, ಸಭೆಯ ಮುಂದೆ ನಿಂತು, ಯಾವ ಮಸೂದೆಗೆ ಆ ಶಾಸಕ ಹೇಗೆ ಮತ ಹಾಕಿದ್ದಾನೆಂಬುದನ್ನು ದಾಖಲೆಯಿಂದ ಒಂದೊಂದಾಗಿ ಓದುತ್ತಿದ್ದರು. ಬೈಗುಳವಿಲ್ಲದ ಆ ಪಟ್ಟಿಯೇ ಸಾಕಾಗುತ್ತಿತ್ತು.

ಅಭ್ಯರ್ಥಿಯನ್ನು ಮತದಾರರೇ ನೇರವಾಗಿ ಆರಿಸುವ ಕಾನೂನು 1903ರಲ್ಲಿ ಅಂಗೀಕಾರವಾಗಿ, 1904ರ ಜನಮತಗಣನೆಯಲ್ಲಿ ಗೆದ್ದಿತು. ಟಿಕೆಟ್‌ಗಾಗಿ ಬೆಂಗಳೂರು, ದೆಹಲಿ ಸುತ್ತುವವರನ್ನು ಕಂಡಿರುವ ನಮಗೆ ಅದರ ತೂಕ ಚೆನ್ನಾಗಿ ಗೊತ್ತು. ರೈಲ್ವೆಗಳಿಗೆ ಆಸ್ತಿಯ ಮೌಲ್ಯದ ಮೇಲೆ ತೆರಿಗೆ ಬಂತು. 1905ರಲ್ಲಿ ರೈಲ್ವೆ ಆಯೋಗ ಸ್ಥಾಪನೆಯಾಯಿತು.

1906ರಿಂದ ಸೆನೆಟರ್ ಆಗಿದ್ದ ಅವರು 1917ರಲ್ಲಿ ಮೊದಲ ಮಹಾಯುದ್ಧಕ್ಕೆ ಅಮೆರಿಕ ಇಳಿಯುವಾಗ ಯುದ್ಧ ಘೋಷಣೆಯ ವಿರುದ್ಧ ಮತ ಹಾಕಿ ತೀವ್ರ ನಿಂದನೆಗೆ ಗುರಿಯಾದರು. 1924ರಲ್ಲಿ ಸ್ವತಂತ್ರವಾಗಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದಾಗ ಅವರ ಕೈ ಹಿಡಿದದ್ದು ವಿಸ್ಕಾನ್ಸಿನ್ ಒಂದೇ. ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು.