ಇಂಗ್ಲೆಂಡಿನ ಪದವಿಯೊಂದರಲ್ಲಿ ಶ್ರೀರಂಗಪಟ್ಟಣ

ಪ್ರಶ್ನೆ: ನಾನು ಶ್ರೀರಂಗಪಟ್ಟಣದವನು. ಬ್ರಿಟನ್ನಿನ ಲಾರ್ಡ್ ಒಬ್ಬರ ಪದವಿಯಲ್ಲಿ ನಮ್ಮೂರಿನ ಹೆಸರಿದೆ ಅಂತ ಕೇಳಿದೆ. ನಿಜವೇ? ಆ ಮನೆತನಕ್ಕೆ ಇಲ್ಲಿ ಜಮೀನು ಏನಾದರೂ ಸಿಕ್ಕಿತ್ತಾ? ಈಗಲೂ ಆ ಪದವಿ ಉಳಿದಿದೆಯೇ?

ಉತ್ತರ: ನಿಜ, ಈಗಲೂ ಇದೆ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದ ಮುತ್ತಿಗೆಯಲ್ಲಿ ಬ್ರಿಟಿಷ್ ಸೈನ್ಯದ ಮುಖ್ಯಸ್ಥ ಜನರಲ್ ಜಾರ್ಜ್ ಹ್ಯಾರಿಸ್. ವೆಲ್ಲೆಸ್ಲಿಯ ಹೆಸರು ಎಲ್ಲರಿಗೂ ಗೊತ್ತು, ಹ್ಯಾರಿಸ್ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಹದಿನಾರು ವರ್ಷಗಳ ನಂತರ, 1815ರಲ್ಲಿ, ಅವನಿಗೆ ಬ್ಯಾರನ್ (ಲಾರ್ಡ್‌ಗಳಲ್ಲೇ ಒಂದು ದರ್ಜೆ) ಪದವಿ ಬಂತು. ಅದರ ಪೂರ್ತಿ ಒಕ್ಕಣೆ ಹೀಗಿದೆ: 'ಈಸ್ಟ್ ಇಂಡೀಸಿನ ಸೆರಿಂಗಪಟಂ ಮತ್ತು ಮೈಸೂರಿನ, ಕೆಂಟ್ ಕೌಂಟಿಯ ಬೆಲ್ಮಾಂಟಿನ ಬ್ಯಾರನ್ ಹ್ಯಾರಿಸ್.' ಸೆರಿಂಗಪಟಂ ಅಂದರೆ ನಿಮ್ಮೂರೇ.

ಜಮೀನಿನ ಮಾತಿಗೆ ಬಂದರೆ, ಇಲ್ಲ. ಪದವಿಯಲ್ಲಿ ಊರಿನ ಹೆಸರು ಇದ್ದ ಮಾತ್ರಕ್ಕೆ ಆ ಊರಿನ ಒಂದು ಗುಂಟೆಯೂ ಬರುವುದಿಲ್ಲ. ಅದು ಗೆದ್ದ ಯುದ್ಧದ ನೆನಪಿಗೆ ಸೇರಿಸಿದ ಗುರುತು, ಅಷ್ಟೇ. ಆದರೆ ಹಣ ಮಾತ್ರ ಇಲ್ಲಿಂದಲೇ ಹೋಯಿತು. ಕೋಟೆ ಬಿದ್ದ ಮೇಲೆ ಅಲ್ಲಿನ ಸಂಪತ್ತನ್ನು ಸೈನ್ಯ ಹಂಚಿಕೊಂಡಿತು. ಸೇನಾಪತಿಗೆ ದೊಡ್ಡ ಪಾಲು. ಆ ದುಡ್ಡಿನಲ್ಲೇ ಹ್ಯಾರಿಸ್ 1801ರಲ್ಲಿ ಕೆಂಟಿನ ಬೆಲ್ಮಾಂಟ್ ಎಸ್ಟೇಟ್ ಕೊಂಡ. ಪದವಿಯಲ್ಲಿ ಬೆಲ್ಮಾಂಟಿನ ಪಕ್ಕ ಶ್ರೀರಂಗಪಟ್ಟಣ ಕೂತಿರುವುದನ್ನು ಓದಿದಾಗಲೆಲ್ಲ ನನಗೆ ಈ ಸಂಗತಿಯೇ ನೆನಪಾಗಿ ಮನಸ್ಸು ಭಾರವಾಗುತ್ತದೆ.

ಇನ್ನು ವಾರಸುದಾರಿಕೆ. ಪದವಿ ಕೊಡುವಾಗ ರಾಜನು ಹೊರಡಿಸುವ ಪತ್ರದಲ್ಲಿ ಅದು ಯಾರಿಗೆ ಇಳಿಯಬೇಕು ಅಂತ ಬರೆದಿರುತ್ತದೆ. ಇಂಥ ಪದವಿ ಸಾಮಾನ್ಯವಾಗಿ ಮೊದಲ ಬ್ಯಾರನ್‌ನ ಗಂಡು ಸಂತತಿಗೆ ಮಾತ್ರ, ಅದರಲ್ಲೂ ಹಿರಿಯನಿಗೆ. ಉಯಿಲು ಬರೆದು ಬೇರೆಯವರಿಗೆ ಕೊಡಲು ಆಗುವುದಿಲ್ಲ. ಮಾರಲೂ ಆಗುವುದಿಲ್ಲ. ಹೆಣ್ಣುಮಕ್ಕಳಿಗೆ ಬರುವುದಿಲ್ಲ, ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಎರಡನೆಯ ಬ್ಯಾರನ್ ಹುಡುಗನಾಗಿದ್ದಾಗ ಅಪ್ಪನ ಜೊತೆ ಅದೇ ಮುತ್ತಿಗೆಯಲ್ಲಿದ್ದ. ಮೂರನೆಯವನು 1854ರಿಂದ 1859ರವರೆಗೆ ಮದ್ರಾಸಿನ ಗವರ್ನರ್. ನಾಲ್ಕನೆಯವನನ್ನು ಕ್ರಿಕೆಟ್ ಪ್ರಿಯರು ಬಲ್ಲರು: ಇಂಗ್ಲೆಂಡ್ ತಂಡದ ನಾಯಕ, ಆಮೇಲೆ ಬಾಂಬೆ ಗವರ್ನರ್ ಆದ ಲಾರ್ಡ್ ಹ್ಯಾರಿಸ್ ಇವನೇ. ಆರನೆಯ ಬ್ಯಾರನ್ 1995ರಲ್ಲಿ ಗಂಡುಮಕ್ಕಳಿಲ್ಲದೆ ತೀರಿಕೊಂಡರು. ಆಗ ವಂಶವೃಕ್ಷದಲ್ಲಿ ಹಿಂದಕ್ಕೆ ಹೋಗಿ ಹುಡುಕಬೇಕಾಯಿತು. ಪದವಿ ದಾಯಾದಿಯೊಬ್ಬರಿಗೆ ಹೋಯಿತು. ಅವರೂ ಮರುವರ್ಷವೇ ತೀರಿಕೊಂಡು, ಅದು ಎಂಟನೆಯವರಿಗೆ ಬಂತು.

ಬೆಲ್ಮಾಂಟ್ ಮನೆ ಮಾತ್ರ ಪದವಿಯ ಹಿಂದೆ ಹೋಗಲಿಲ್ಲ. ಐದನೆಯ ಬ್ಯಾರನ್ ಅದನ್ನು ದತ್ತಿ ಟ್ರಸ್ಟಿಗೆ ಬಿಟ್ಟಿದ್ದರು. ಅವರು ಕೂಡಿಸಿದ ಹಳೇ ಗಡಿಯಾರಗಳೂ ಅಲ್ಲೇ ಇವೆ. ಫೇವರ್ಶಮ್ ಊರಿನ ಹತ್ತಿರವಿರುವ ಈ ಮನೆಯನ್ನು ಜನ ಹೋಗಿ ನೋಡಬಹುದು. ಇಂಗ್ಲೆಂಡಿನಲ್ಲಿ ನಿಮ್ಮ ನೆಂಟರಿದ್ದರೆ ಹೇಳಿ, ಒಮ್ಮೆ ಹೋಗಿ ಬರಲಿ.