ಅಂಟುವ ಪ್ರೋಟೀನಿಗೆ ಸಕ್ಕರೆಯ ಸರ ಏಕೆ?

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ನರಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ‘ಎನ್‌ಕ್ಯಾಮ್’ ಎಂಬ ಪ್ರೋಟೀನಿನ ಮೇಲೆ ಉದ್ದವಾದ ಸಕ್ಕರೆ ಸರಪಳಿಗಳಿರುತ್ತವೆ ಎಂದು ಓದಿದೆ. ಅಂಟುವುದೇ ಕೆಲಸವಾಗಿರುವ ಪ್ರೋಟೀನಿಗೆ ಸಕ್ಕರೆ ಏಕೆ ಬೇಕು? ನಾವು ತಿನ್ನುವ ಸಕ್ಕರೆಗೂ ಇದಕ್ಕೂ ಸಂಬಂಧವಿದೆಯೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ.
— ಉಪನ್ಯಾಸಕಿ, ಹಾಸನ

ಉತ್ತರ: ಆ ಸಕ್ಕರೆ ಇರುವುದು ಅಂಟನ್ನು ಬಿಗಿಗೊಳಿಸಲು ಅಲ್ಲ, ಬೇಕಾದ ಹೊತ್ತಿನಲ್ಲಿ ಸಡಿಲಿಸಲು. ಪ್ರತಿಕಾಯಗಳ ರಚನೆಯನ್ನು ಬಿಡಿಸಿದ್ದಕ್ಕಾಗಿ 1972ರಲ್ಲಿ ನೊಬೆಲ್ ಪಡೆದ ಜೆರಾಲ್ಡ್ ಎಡೆಲ್ಮನ್ ಮತ್ತು ಅವರ ಸಹೋದ್ಯೋಗಿಗಳು ಅದೇ ದಶಕದಲ್ಲಿ ಕೋಳಿಯ ಭ್ರೂಣದ ಅಕ್ಷಿಪಟಲದ ಕೋಶಗಳು ಪರಸ್ಪರ ಹೇಗೆ ಅಂಟುತ್ತವೆ ಎಂದು ಹುಡುಕುತ್ತಿದ್ದಾಗ ಈ ಪ್ರೋಟೀನು ಸಿಕ್ಕಿತು. ಕೋಶಪೊರೆಯಿಂದ ಹೊರಗೆ ಚಾಚಿಕೊಂಡಿರುವ ಅದರ ಭಾಗದಲ್ಲಿ ಪ್ರತಿಕಾಯಗಳನ್ನು ಹೋಲುವ ಐದು ಮಡಿಕೆಗಳಿವೆ. ಐದನೆಯ ಮಡಿಕೆಯ ಎರಡು ತಾಣಗಳಿಗೆ ಸಯಾಲಿಕ್ ಆಮ್ಲವೆಂಬ ಒಂಬತ್ತು ಇಂಗಾಲದ ಸಕ್ಕರೆಯ ಅಣುಗಳು ಸರದಲ್ಲಿ ಪೋಣಿಸಿದ ಮಣಿಗಳಂತೆ, ಕೆಲವೊಮ್ಮೆ ಐವತ್ತಕ್ಕೂ ಹೆಚ್ಚು ಸಂಖ್ಯೆಯಲ್ಲಿ, ಜೋಡಣೆಗೊಳ್ಳುತ್ತವೆ. ಇದೇ ಪಾಲಿಸಯಾಲಿಕ್ ಆಮ್ಲ.

ಈ ಸರದ ಪ್ರತಿಯೊಂದು ಘಟಕಕ್ಕೂ ಋಣ ವಿದ್ಯುದಂಶವಿದೆ. ಹೀಗಾಗಿ ಅದು ನೀರನ್ನು ತನ್ನ ಸುತ್ತ ಸೆಳೆದುಕೊಂಡು ಉಬ್ಬುತ್ತದೆ, ಎರಡು ಕೋಶಪೊರೆಗಳ ನಡುವಿನ ಅಂತರ ಹೆಚ್ಚುತ್ತದೆ, ಎನ್‌ಕ್ಯಾಮ್ ಮಾತ್ರವಲ್ಲದೆ ಅಕ್ಕಪಕ್ಕದ ಇತರ ಅಂಟು ಪ್ರೋಟೀನುಗಳ ಹಿಡಿತವೂ ಸಡಿಲವಾಗುತ್ತದೆ. ಭ್ರೂಣದ ಮೆದುಳಿನಲ್ಲಿ ನರಕೋಶಗಳು ಹುಟ್ಟಿದ ಜಾಗದಿಂದ ಬಹಳ ದೂರ ಸರಿಯಬೇಕು, ಅವುಗಳ ತಂತುಗಳು ದಾರಿ ಹುಡುಕಿಕೊಂಡು ಹೋಗಬೇಕು. ಎಲ್ಲವೂ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಇದು ಸಾಧ್ಯವೇ ಇಲ್ಲ. ಆದ್ದರಿಂದಲೇ ಭ್ರೂಣದ ಎನ್‌ಕ್ಯಾಮ್‌ನಲ್ಲಿ ಪ್ರತಿ 100 ಗ್ರಾಂ ಪ್ರೋಟೀನಿಗೆ ಸುಮಾರು 30 ಗ್ರಾಂ ಸಯಾಲಿಕ್ ಆಮ್ಲವಿದ್ದರೆ, ವಯಸ್ಕ ಮೆದುಳಿನಲ್ಲಿ ಅದು ಸುಮಾರು 10 ಗ್ರಾಂಗೆ ಇಳಿದಿರುತ್ತದೆ. ಬದಲಾವಣೆ ನಿಲ್ಲದ ಕೆಲವೆಡೆಗಳಲ್ಲಿ ಮಾತ್ರ, ಉದಾಹರಣೆಗೆ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನ ಎಳೆಯ ನರಕೋಶಗಳಲ್ಲಿ, ಉದ್ದನೆಯ ಸರಗಳು ಉಳಿದುಕೊಳ್ಳುತ್ತವೆ.

ವಿದ್ಯಾರ್ಥಿಗಳಿಗೆ ಹೇಳಲು ಒಂದೇ ಪ್ರಯೋಗವನ್ನು ಆರಿಸಬೇಕೆಂದರೆ, ಜರ್ಮನಿಯ ಸಂಶೋಧಕರು 2005ರಲ್ಲಿ ಪ್ರಕಟಿಸಿದ್ದನ್ನು ನಾನು ಆರಿಸುತ್ತೇನೆ. ಸರವನ್ನು ಕಟ್ಟುವ ಕಿಣ್ವಗಳು ಎರಡು. ಆ ಎರಡೂ ಇಲ್ಲದಂತೆ ರೂಪಿಸಿದ ಇಲಿಮರಿಗಳ ಮೆದುಳಿನ ಎಡ-ಬಲ ಭಾಗಗಳನ್ನು ಬೆಸೆಯುವ ಕೆಲವು ನರತಂತು ಕಟ್ಟುಗಳು ಸರಿಯಾಗಿ ಬೆಳೆಯಲಿಲ್ಲ, ಮೆದುಳಿನೊಳಗೆ ದ್ರವ ತುಂಬಿಕೊಂಡಿತು, ಹೆಚ್ಚಿನ ಮರಿಗಳು ಕೆಲವೇ ವಾರಗಳಲ್ಲಿ ಸತ್ತವು. ಆದರೆ ಎನ್‌ಕ್ಯಾಮ್ ಪ್ರೋಟೀನನ್ನೂ ಜೊತೆಗೇ ತೆಗೆದುಹಾಕಿದಾಗ ಈ ದೋಷಗಳಲ್ಲಿ ಬಹುಪಾಲು ಕಾಣಿಸಲಿಲ್ಲ, ಮರಿಗಳು ಬದುಕಿದವು. ಅಂದರೆ ಅಪಾಯವಿದ್ದದ್ದು ಸಕ್ಕರೆಯ ಕೊರತೆಯಲ್ಲಿ ಮಾತ್ರವಲ್ಲ, ಕಡಿವಾಣವಿಲ್ಲದ ಅಂಟಿನಲ್ಲಿ. ಜೀವಶಾಸ್ತ್ರದಲ್ಲಿ ಕಾರಣವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಪ್ರಯೋಗಗಳು ವಿರಳ. ಹೊಸ ನರಕೋಶಗಳು ವಾಸನೆಯ ಕೇಂದ್ರದತ್ತ ಸಾಗುವಾಗ ಉಂಟಾಗುವ ತೊಂದರೆ ಮಾತ್ರ ಹಾಗೆಯೇ ಉಳಿಯಿತು. ಎನ್‌ಕ್ಯಾಮ್ ಒಂದನ್ನೇ ಕಳೆದುಕೊಂಡ ಇಲಿಗಳಲ್ಲೂ ಆ ದೋಷವಿರುತ್ತದೆ.

ತಿನ್ನುವ ಸಕ್ಕರೆಯ ವಿಷಯ ಚಿಕ್ಕದು. ಸಯಾಲಿಕ್ ಆಮ್ಲವನ್ನು ದೇಹವು ಗ್ಲೂಕೋಸಿನಿಂದ ಹಲವು ಹಂತಗಳಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ತಯಾರಾದ ಸಯಾಲಿಕ್ ಆಮ್ಲದ ಸಕ್ರಿಯ ರೂಪವು ಸಾಕಷ್ಟು ಸೇರಿದೊಡನೆ ಆ ಹಾದಿಯ ಮೊದಲ ಕಿಣ್ವವನ್ನು ತಡೆಯುತ್ತದೆ. ಆದ್ದರಿಂದ ಮಕ್ಕಳಿಗೆ ಸಿಹಿ ಹೆಚ್ಚು ಕೊಟ್ಟರೆ ಮೆದುಳಿನ ಸರ ಉದ್ದವಾಗುತ್ತದೆ ಎಂದು ಯಾರೂ ಭಾವಿಸಬಾರದು. ತಾಯಿಯ ಹಾಲಿನಲ್ಲಿ, ಅದರಲ್ಲೂ ಹೆರಿಗೆಯ ನಂತರದ ಮೊದಲ ಹಾಲಿನಲ್ಲಿ, ಸಯಾಲಿಕ್ ಆಮ್ಲ ಸಮೃದ್ಧವಾಗಿರುತ್ತದೆ ಎಂಬುದನ್ನು ತರಗತಿಯಲ್ಲಿ ಅವಶ್ಯ ಹೇಳಿ.

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ನಮ್ಮ ಮೊಮ್ಮಗುವಿಗೆ ಮೆನಿಂಜೈಟಿಸ್ ‘ಬಿ’ ಎಂಬ ಲಸಿಕೆ ಹಾಕಿಸಿದರು. ಉಳಿದ ಗುಂಪುಗಳಿಗೆ ಒಂದು ಬಗೆ, ‘ಬಿ’ ಗುಂಪಿಗೆ ಇನ್ನೊಂದು ಬಗೆ ಏಕೆ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಮೇಲಿನ ಉತ್ತರದಲ್ಲಿಯೇ ಇದರ ಕೀಲಿಯೂ ಇದೆ. ಮೆದುಳಿನ ಪೊರೆಗಳ ಉರಿಯೂತಕ್ಕೆ ಕಾರಣವಾಗುವ ಮೆನಿಂಗೊಕಾಕಸ್ ಬ್ಯಾಕ್ಟೀರಿಯದ ‘ಎ’, ‘ಸಿ’, ‘ಡಬ್ಲ್ಯು’ ಮತ್ತು ‘ವೈ’ ಗುಂಪುಗಳ ವಿರುದ್ಧದ ಲಸಿಕೆಗಳನ್ನು ಅವುಗಳ ಹೊರಕವಚದ ಸಕ್ಕರೆಯಿಂದಲೇ ಮಾಡುತ್ತಾರೆ. ‘ಬಿ’ ಗುಂಪಿನ ಕವಚವಾದರೋ ನಮ್ಮ ಎನ್‌ಕ್ಯಾಮ್ ಮೇಲಿರುವ ಪಾಲಿಸಯಾಲಿಕ್ ಆಮ್ಲವೇ ಆಗಿದೆ. ಘಟಕ ಅದೇ, ಬೆಸುಗೆಯೂ ಅದೇ. ಫಿನ್‌ಲೆಂಡಿನ ಯುಕ್ಕ ಫಿನ್ನೆ ಮತ್ತು ಅವರ ಸಹೋದ್ಯೋಗಿಗಳು 1983ರಲ್ಲಿ ಈ ಸಾಮ್ಯವನ್ನು ತೋರಿಸಿದರು. ದೇಹದ ರೋಗನಿರೋಧಕ ವ್ಯವಸ್ಥೆ ಇಂಥ ಕವಚವನ್ನು ತನ್ನದೆಂದೇ ಬಗೆದು ದುರ್ಬಲವಾಗಿ ಪ್ರತಿಕ್ರಿಯಿಸುತ್ತದೆ. ಅದರ ವಿರುದ್ಧ ಬಲವಾದ ಪ್ರತಿಕಾಯಗಳನ್ನು ಉಂಟುಮಾಡಲು ಹೊರಟರೆ ಅವು ಮಗುವಿನ ನರಕೋಶಗಳನ್ನೇ ಗುರಿ ಮಾಡಬಹುದೆಂಬ ಭಯ ವಿಜ್ಞಾನಿಗಳಿಗಿತ್ತು, ಮತ್ತು ಅದು ಸಕಾರಣವಾದ ಭಯ.

ಇಟಲಿಯ ರಿನೊ ರಪ್ಪುವೊಲಿ ಅವರ ತಂಡ ಬೇರೆ ದಾರಿ ಹಿಡಿದು, ಬ್ಯಾಕ್ಟೀರಿಯದ ಇಡೀ ಜೀನೋಮನ್ನು ಓದಿ, ಅದರ ಮೇಲ್ಮೈಯಲ್ಲಿರಬಹುದಾದ ಪ್ರೋಟೀನುಗಳನ್ನು ಹುಡುಕಿ, ಅವುಗಳಿಂದ ಲಸಿಕೆ ರೂಪಿಸಿತು. ಯುರೋಪಿನಲ್ಲಿ ಅದಕ್ಕೆ 2013ರಲ್ಲಿ ಅನುಮತಿ ದೊರೆಯಿತು. ಬ್ರಿಟನ್ 2015ರಲ್ಲಿ ಶಿಶುಗಳ ವಾಡಿಕೆಯ ಲಸಿಕೆಗಳ ಪಟ್ಟಿಗೆ ಸೇರಿಸಿತು. ನಿಮ್ಮ ಮೊಮ್ಮಗುವಿಗೆ ಹಾಕಿರುವುದು ಹೀಗೆ ಪ್ರೋಟೀನುಗಳನ್ನು ಗುರಿಯಾಗಿಸಿಕೊಂಡ ಲಸಿಕೆ. ಪಾಲಿಸಯಾಲಿಕ್ ಆಮ್ಲದ ವಿರುದ್ಧ ಪ್ರತಿಕಾಯ ಹುಟ್ಟಿಸುವುದು ಅದರ ಉದ್ದೇಶವಲ್ಲವಾದ್ದರಿಂದ ಆ ಬಗ್ಗೆ ನೀವು ಆತಂಕ ಪಡಬೇಕಾಗಿಲ್ಲ.