ಇಡೀ ಸೆಟ್ಟಿನ ಹಿಂದೆ ಬೀಳಬೇಡಿ

ಕುಂಬಳೆಯ ಅಕ್ಕ, ನಿಮ್ಮ ಪ್ರಶ್ನೆ ಓದಿದೆ. ಅಮೆರಿಕದಲ್ಲಿರುವ ಮಾವ ಡಿಸ್ನಿ ಪಾರ್ಕಿನಿಂದ 2 ವಿನೈಲ್‌ಮೇಷನ್ ಗೊಂಬೆ ತಂದುಕೊಟ್ಟಿದ್ದಾರೆ, ಮಗ ಈಗ ಇಡೀ ಸೆಟ್ ಬೇಕು ಅಂತ ಹಟ ಹಿಡಿದಿದ್ದಾನೆ, ಕೊಡಿಸಬಹುದಾ ಅಂತ ಅಲ್ವಾ?

ಹುಚ್ಚು ಹಿಡಿಯೋದು ಸಹಜ. 2008ರಲ್ಲಿ ಬಂದ ಗೊಂಬೆಗಳಿವು. ಮಿಕ್ಕಿಯ ದುಂಡು ಕಿವಿ, 3 ಇಂಚು ಎತ್ತರ, ಮೈಮೇಲೆ ಮಾತ್ರ ಬೇರೆ ಬೇರೆ ಚಿತ್ರ. ಡಬ್ಬಿ ಒಡೆಯುವವರೆಗೂ ಒಳಗೆ ಯಾವುದಿದೆ ಗೊತ್ತಾಗುವುದಿಲ್ಲ. ಮಜಾ ಇರೋದೇ ಅಲ್ಲಿ, ಜೇಬಿಗೆ ಕತ್ತರಿ ಬೀಳೋದೂ ಅಲ್ಲೇ. ಒಂದು ಸೆಟ್ಟಿನಲ್ಲಿ ಸಾಮಾನ್ಯವಾಗಿ 12. ಎಲ್ಲವೂ ಸಮಪ್ರಮಾಣದಲ್ಲಿ ಸಿಗುತ್ತವೆ ಅಂದುಕೊಂಡರೂ, ಬರೀ ಡಬ್ಬಿ ಒಡೆದೇ ಪೂರ್ತಿ ಮಾಡಲು ಸರಾಸರಿ 37 ಡಬ್ಬಿ ಬೇಕು. ಅದರಲ್ಲಿ 'ಚೇಸರ್' ಅನ್ನೋ ಅಪರೂಪದ್ದೊಂದು ಇರುತ್ತದೆ, ಅದು ಇನ್ನೂ ಸತಾಯಿಸುತ್ತದೆ. ಪಾರ್ಕಿನ ಅಂಗಡಿಯಲ್ಲಾದರೆ ಬೇಡದ್ದನ್ನು ಕೊಟ್ಟು ಬದಲಿಸಿಕೊಳ್ಳುವ ವ್ಯವಸ್ಥೆ ಇತ್ತು. ಕಾಸರಗೋಡಿನಲ್ಲಿ ಕೂತು ಯಾರ ಹತ್ತಿರ ಬದಲಿಸೋದು?

ಅವನಿಗೆ ಇಷ್ಟವಾದ ನಾಲ್ಕೈದನ್ನು ಮಾತ್ರ ಆರಿಸಿ, ಡಬ್ಬಿ ಒಡೆದಿದ್ದನ್ನೇ ಬಿಡಿಬಿಡಿಯಾಗಿ ಕೊಳ್ಳಿ. ಪಾರ್ಸೆಲ್ ತರಿಸುವ ಮೊದಲು ಕಸ್ಟಮ್ಸ್ ವಿಚಾರಿಸಿ. ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ. 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿದ್ದರು. ಮಾವ ಊರಿಗೆ ಬರುವಾಗ ತಂದರೆ ವಾಸಿ.

ಹಾಂ, ನಮ್ಮ ಕಡೆಯ ಮಳೆಗಾಲ! ರಟ್ಟಿನ ಡಬ್ಬಿಗೆ ಬೂಷ್ಟು ಹಿಡಿಯುತ್ತದೆ. ಬಿಸಿಲು ಬೀಳುವ ಕಿಟಕಿ ಹತ್ತಿರವೂ ಇಡಬೇಡಿ, ಬಣ್ಣ ಮಾಸುತ್ತದೆ.